ಗರ್ಭಪಾತದ ಕಿಟ್ ತಗೊಂಡು ರಕ್ತಸ್ರಾವದಿಂದ ಬರುವವರು: ನಗರ ಪಿಎಚ್‌ಸಿಯಲ್ಲಿ ಏನು ಮಾಡಬಹುದು, ಯಾವಾಗ ಕಳಿಸಬೇಕು?

ಬೊಮ್ಮನಹಳ್ಳಿ ಎಂಒ

ಎಲ್ಲರಿಗೂ ನಮಸ್ಕಾರ. ಹೊಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳೇ ಹೆಚ್ಚಾಗಿ ಬರುವ ನಗರ ಪಿಎಚ್‌ಸಿಯ (ಪ್ರಾಥಮಿಕ ಆರೋಗ್ಯ ಕೇಂದ್ರ) ಪ್ರಶ್ನೆ ಇದು. ಇರುವುದು ಎಂಬಿಬಿಎಸ್ ಮಾಡಿದ ಒಬ್ಬ ವೈದ್ಯರು, ಇಬ್ಬರು ನರ್ಸ್. ಸ್ಕ್ಯಾನಿಂಗ್ ಇಲ್ಲ, ರಕ್ತವೂ ಸಿಗುವುದಿಲ್ಲ.

"ಮೂರು ದಿನದಿಂದ ಬ್ಲೀಡಿಂಗ್ ನಿಲ್ತಿಲ್ಲ" ಅಂತ ಬರುತ್ತಾರೆ. ಮೆಡಿಕಲ್‌ನಲ್ಲಿ ಕಿಟ್ ತಗೊಂಡಿದ್ದಾರೋ, ಎಲ್ಲಾದರೂ ಕ್ಲೀನ್ ಮಾಡಿಸಿಕೊಂಡಿದ್ದಾರೋ ಬಾಯಿ ಬಿಡುವುದಿಲ್ಲ. ಹೊರಗೆ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದರೆ ವರದಿಯಲ್ಲಿ "ಆರ್‌ಪಿಒಸಿ" (ಗರ್ಭದ ಚೂರು ಒಳಗೇ ಉಳಿದಿದೆ) ಅಂತ ಬರೆದಿರುತ್ತದೆ, ಅದನ್ನು ನೋಡಿದ ತಕ್ಷಣ ಡಿ ಅಂಡ್ ಸಿಗೆ (ಗರ್ಭಕೋಶ ಕೆರೆದು ತೆಗೆಯುವುದು) ಬರೆದುಕೊಡುವುದು ರೂಢಿಯಾಗಿಬಿಟ್ಟಿದೆ.

ಕೇಳಬೇಕಾಗಿರುವುದು ಇಷ್ಟು. ಮೊದಲ ಅರ್ಧ ಗಂಟೆಯಲ್ಲಿ ಏನೇನು ನೋಡಬೇಕು? ಯಾರನ್ನು ಇಲ್ಲೇ ಇಟ್ಟುಕೊಳ್ಳಬಹುದು, ಯಾರನ್ನು ಕೂಡಲೇ ಕಳಿಸಬೇಕು? ಸ್ಕ್ಯಾನ್ ವರದಿಯನ್ನು ಎಷ್ಟರ ಮಟ್ಟಿಗೆ ನಂಬಬೇಕು? ಇನ್ನು ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಮೆಡಿಕೊ-ಲೀಗಲ್ ಕೇಸ್) ಮಾಡದೆ, ಗಂಡನ ಸಹಿ ಇಲ್ಲದೆ ಮುಟ್ಟುವುದೇ ಇಲ್ಲ ಅನ್ನುವ ಸಿಬ್ಬಂದಿಗೆ ಏನು ಹೇಳಬೇಕು?

ಒಬಿಜಿ ವಾರ್ಡ್

ಡಾಕ್ಟ್ರೇ, ಮೊದಲು ಕೇಳುವ ರೀತಿ ಬದಲಾಗಬೇಕು. "ಯಾಕೆ ತಗೊಂಡ್ರಿ?" ಅಂತ ಶುರು ಮಾಡಿದರೆ ಆಕೆ ಅಲ್ಲಿಗೇ ಮುಚ್ಚಿಕೊಳ್ಳುತ್ತಾಳೆ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಪರದೆ ಎಳೆದು, "ಏನು ತಗೊಂಡ್ರಿ ಅಂತ ಗೊತ್ತಾದ್ರೆ ನಾನು ಸರಿಯಾದ ಔಷಧಿ ಕೊಡಬಹುದು, ಬೇರೆ ಯಾರಿಗೂ ಹೇಳಲ್ಲ" ಅನ್ನಿ. ಬೇಕಾಗಿರುವ ಮಾಹಿತಿ ಕಡಿಮೆಯೇ: ಕೊನೆಯ ಸಲ ಮುಟ್ಟಾದ ದಿನ, ಎಷ್ಟು ಮಾತ್ರೆ, ಯಾವ ದಿನ, ನುಂಗಿದ್ದೋ ನಾಲಿಗೆ ಕೆಳಗೆ ಇಟ್ಟುಕೊಂಡಿದ್ದೋ ಕೆಳಗಡೆಯಿಂದ ಇಟ್ಟುಕೊಂಡಿದ್ದೋ. ಆಮೇಲೆ ಇನ್ನೊಂದು ಪ್ರಶ್ನೆಯನ್ನು ಬಿಡಲೇಬಾರದು: "ಒಳಗೆ ಏನಾದ್ರೂ ಹಾಕಿದ್ರಾ, ಹಾಕಿಸ್ಕೊಂಡ್ರಾ?" ಕಡ್ಡಿ, ಬೇರು, ನಳಿಗೆ ಹಾಕಿದ್ದರೆ ಅದು ಬೇರೆಯದೇ ಕೇಸ್. ಗರ್ಭಕೋಶ ತೂತಾಗಿರಬಹುದು, ನಂಜು ಏರುತ್ತಿರಬಹುದು, ಧನುರ್ವಾಯುವಿನ ಭಯವೂ ಇದೆ. ಎಕ್ಕದ ಕಡ್ಡಿ ಅಂದರೆ ಇಸಿಜಿಯನ್ನೂ ತೆಗೆಸಿ. ಎಕ್ಕದ ಹಾಲಿನಲ್ಲಿ ಹೃದಯದ ಬಡಿತ ಕೆಡಿಸುವ ಅಂಶಗಳಿವೆ.

ರಕ್ತಸ್ರಾವದ ಅಳತೆಗೆ "ಜಾಸ್ತಿ ಹೋಗ್ತಿದೆ" ಅನ್ನುವ ಮಾತು ಸಾಲದು. ಗಂಟೆಗೆ ಎರಡು ದಪ್ಪ ಪ್ಯಾಡ್ ಪೂರ್ತಿ ನೆನೆದು, ಹಾಗೇ ಎರಡು ಗಂಟೆ ನಡೆದರೆ ಅದು ಅಪಾಯ. ಬಟ್ಟೆ ಬಳಸುವವರನ್ನು ಎಷ್ಟು ಸಲ ಬದಲಾಯಿಸಿದಿರಿ, ಹಿಂಡಿದರೆ ತೊಟ್ಟಿಕ್ಕುತ್ತಿತ್ತಾ ಅಂತ ಕೇಳಿ. ಬಿಪಿ ಒಂದನ್ನೇ ನೆಚ್ಚಬೇಡಿ. ವಯಸ್ಸಿನ ಹುಡುಗಿಯರಲ್ಲಿ ಸಾಕಷ್ಟು ರಕ್ತ ಹೋದ ಮೇಲೂ ಬಿಪಿ ನಿಂತಿರುತ್ತದೆ, ಆಮೇಲೆ ಒಮ್ಮೆಗೇ ಕುಸಿಯುತ್ತದೆ. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ. 0.9 ದಾಟಿದರೆ ಎಚ್ಚರ, 1 ದಾಟಿದರೆ ಡ್ರಿಪ್ಸ್ ಹಾಕಿಯೇ ಫೋನ್ ಎತ್ತಿ. ಹಿಮೋಗ್ಲೋಬಿನ್ ಕೂಡ ಮೊದಲ ಗಂಟೆಗಳಲ್ಲಿ ದಾರಿ ತಪ್ಪಿಸುತ್ತದೆ, ರಕ್ತ ತೆಳುವಾಗಲು ಸಮಯ ಬೇಕು. ಅದಕ್ಕಿಂತ ಮುಂಚೆಯೇ 8 ಇದ್ದವಳು ಅಂದರೆ ಅವಳ ಕೈಯಲ್ಲಿ ಉಳಿತಾಯವೇ ಇಲ್ಲ ಅಂತ ಲೆಕ್ಕ.

ಎರಡು ಕೈಗೂ 18ರ ಹಸಿರು ಕ್ಯಾನುಲಾ, ಸಿಕ್ಕರೆ 16ರ ಬೂದು. ರಿಂಗರ್ ಲ್ಯಾಕ್ಟೇಟ್ 1 ಲೀಟರ್ ವೇಗವಾಗಿ. ಡ್ರಿಪ್ಸ್ ಹಾಕುವಾಗಲೇ 2 ಮಿ.ಲೀ. ರಕ್ತವನ್ನು ಒಣಗಿದ, ಶುಭ್ರ ಗಾಜಿನ ಟೆಸ್ಟ್ ಟ್ಯೂಬ್‌ಗೆ ಹಾಕಿ ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದುಕೊಳ್ಳಿ. 4 ನಿಮಿಷ ಆದ ಮೇಲೆ ಮೆಲ್ಲಗೆ ಓರೆ ಮಾಡಿ ನೋಡಿ, ಆಮೇಲೆ ನಿಮಿಷಕ್ಕೊಮ್ಮೆ. 7 ನಿಮಿಷ ಕಳೆದರೂ ಟ್ಯೂಬ್ ತಲೆಕೆಳಗು ಮಾಡಿದಾಗ ಸುರಿದರೆ, ಅಥವಾ ಹೆಪ್ಪು ಮೆತ್ತಗಿದ್ದು ಒಡೆದುಹೋದರೆ, ಹೆಪ್ಪುಗಟ್ಟುವ ಶಕ್ತಿಯೇ ಕೆಟ್ಟಿದೆ ಅಂತ ಅರ್ಥ. ಲ್ಯಾಬ್ ಮುಚ್ಚಿದ ಹೊತ್ತಿನಲ್ಲಿ ಪಿಎಚ್‌ಸಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅಂಥವರನ್ನು ರಕ್ತನಿಧಿ ಇರುವ ಆಸ್ಪತ್ರೆಗೇ ಕಳಿಸಬೇಕು.

ಸ್ಪೆಕ್ಯುಲಮ್ ಹಾಕಿ ಒಳಗೆ ನೋಡದೆ ಯಾರನ್ನೂ ರೆಫರ್ ಮಾಡಬೇಡಿ ಅಂತ ಒತ್ತಿ ಹೇಳುತ್ತೇನೆ. ಗರ್ಭಕೋಶದ ಬಾಯಲ್ಲಿ ತುಣುಕು ಸಿಕ್ಕಿಕೊಂಡಿದ್ದರೆ ರಕ್ತ ನಿಲ್ಲುವುದಿಲ್ಲ. ಮೇಲಾಗಿ ಅದರ ಸೆಳೆತಕ್ಕೇ ನಾಡಿ 50ಕ್ಕೆ ಇಳಿದು ಬಿಪಿ ಬಿದ್ದುಹೋಗುತ್ತದೆ. ರಕ್ತ ಹೋದವರಲ್ಲಿ ನಾಡಿ ಓಡಬೇಕು. ಇಲ್ಲಿ ನಿಧಾನ ಇದ್ದರೆ ಈ ಅನುಮಾನ ಬರಲೇಬೇಕು. ಸ್ಪಾಂಜ್ ಹೋಲ್ಡರ್‌ನಿಂದ ಆ ತುಣುಕನ್ನು ಮೆಲ್ಲಗೆ ತಿರುಗಿಸಿ ಎಳೆದರೆ ಎಷ್ಟೋ ಸಲ ಅಲ್ಲಿಗೇ ಸರಿಹೋಗುತ್ತದೆ. ನಾಡಿ ಏಳದಿದ್ದರೆ ಅಟ್ರೋಪಿನ್ 0.6 ಮಿ.ಗ್ರಾಂ. ಗರ್ಭಕೋಶ ಬಿಗಿಸುವ ಆಕ್ಸಿಟೋಸಿನ್ ಮೊದಲ ಮೂರು ತಿಂಗಳ ಗರ್ಭಕೋಶದ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಅದನ್ನೇ ಹಾಕುತ್ತಾ ಕೂರಬೇಡಿ. ಬಿಪಿ ಕಾಯಿಲೆ ಇಲ್ಲದಿದ್ದರೆ ಮಿಥೈಲರ್ಗೊಮೆಟ್ರಿನ್ 0.2 ಮಿ.ಗ್ರಾಂ ಸ್ನಾಯುವಿಗೆ ಕೊಡಬಹುದು.

ನಂಜಿನ ವಿಷಯ. 38 ಡಿಗ್ರಿ ದಾಟಿದ ಜ್ವರ, ವಾಸನೆಯ ಸ್ರಾವ, ಹೊಟ್ಟೆ ಮುಟ್ಟಿದರೆ ಬಿಗಿಯುವುದು, ಉಸಿರು ಏರುವುದು. ಕಿಟ್‌ನಲ್ಲಿರುವ ಮಿಸೊಪ್ರೊಸ್ಟಾಲ್ ಮಾತ್ರೆ ತಗೊಂಡ ದಿನ ಚಳಿಜ್ವರ ಬರುವುದು ಸಹಜ, 24 ಗಂಟೆಯಲ್ಲಿ ಇಳಿಯಬೇಕು. ಇಳಿಯದಿದ್ದರೆ ನಂಜು ಅಂತಲೇ ನೋಡಿ. ಆಂಪಿಸಿಲಿನ್ 2 ಗ್ರಾಂ, ಜೆಂಟಾಮೈಸಿನ್ ಕೆ.ಜಿ.ಗೆ 5 ಮಿ.ಗ್ರಾಂ, ಮೆಟ್ರೊನಿಡಜೋಲ್ 500 ಮಿ.ಗ್ರಾಂ ಮೂರನ್ನೂ ರಕ್ತನಾಳಕ್ಕೆ, ಒಂದು ಗಂಟೆಯೊಳಗೆ. ಬಿಪಿ ಬಿದ್ದಿದ್ದರೆ ಡ್ರಿಪ್ಸ್ ಲೆಕ್ಕ ಕೆ.ಜಿ.ಗೆ 30 ಮಿ.ಲೀ. 45 ಕೆ.ಜಿ. ಹೆಣ್ಣುಮಗಳಿಗೆ 1,350 ಮಿ.ಲೀ. ಆಗುತ್ತದೆ, ಮೊದಲ 3 ಗಂಟೆಯಲ್ಲಿ ಹೋಗಬೇಕು. ಸಂಜೆ ಹೊತ್ತು ಸಿಲ್ಕ್ ಬೋರ್ಡ್ ದಾಟಿ ವಾಣಿ ವಿಲಾಸ ಆಸ್ಪತ್ರೆಗೆ ತಲುಪುವಷ್ಟರಲ್ಲಿ ಆಂಟಿಬಯಾಟಿಕ್‌ನ ಆ ಒಂದು ಗಂಟೆ ಮುಗಿದಿರುತ್ತದೆ. ಮೊದಲ ಡೋಸ್ ನಿಮ್ಮ ಮಂಚದ ಮೇಲೇ ಆಗಬೇಕು, 108 ಬರುವ ಮುಂಚೆ. ಒಳಗೆ ಏನಾದರೂ ಹಾಕಿದ್ದರೆ ಧನುರ್ವಾಯುವಿನ ಲಸಿಕೆ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು, ಅದನ್ನು ರೆಫರಲ್ ಚೀಟಿಯಲ್ಲಿ ಬರೆಯಿರಿ. ಜ್ವರವೇ ಇಲ್ಲದೆ ನಾಡಿ 130, ಬಿಳಿ ರಕ್ತಕಣ ವಿಪರೀತ ಏರಿಕೆ, ನೀರಿನಂಶ ಕುಗ್ಗಿ ರಕ್ತ ಮಂದವಾಗಿದೆ ಅಂದರೆ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾದ ನಂಜು ನೆನಪಿಸಿಕೊಳ್ಳಿ. ಅಪರೂಪ, ಆದರೆ "ಜ್ವರ ಇಲ್ಲವಲ್ಲ" ಅಂತ ಮನೆಗೆ ಕಳಿಸಿದರೆ ಅವಳು ವಾಪಸ್ ಬರುವುದಿಲ್ಲ.

ಇನ್ನೊಂದು: ಕಿಟ್ ತಗೊಂಡರೂ ರಕ್ತ ಹೋಗಿದ್ದು ಕಡಿಮೆ, ಹೊಟ್ಟೆಯ ಒಂದು ಕಡೆ ನೋವು, ತಲೆಸುತ್ತು, ಭುಜದ ತುದಿ ನೋವು. ಇದು ಗರ್ಭಕೋಶದ ಹೊರಗೆ, ನಳಿಕೆಯಲ್ಲಿ ನಿಂತ ಗರ್ಭ ಅಂತಲೇ ಹಿಡಿದು ಕಳಿಸಿ. ಕಿಟ್ ಅದಕ್ಕೆ ಏನೂ ಮಾಡುವುದಿಲ್ಲ. ರಕ್ತ ಕಂಡಿತು, ಕೆಲಸ ಆಯಿತು ಅಂತ ಅವಳು ಸುಮ್ಮನಾಗಿರುತ್ತಾಳೆ, ಅದೇ ಇಲ್ಲಿನ ಅಪಾಯ.

ಈಗ ಸ್ಕ್ಯಾನ್. ಮಾತ್ರೆ ತಗೊಂಡ ಮೊದಲ ಎರಡು ವಾರ ಗರ್ಭಕೋಶದ ಒಳಗೆ ಹೆಪ್ಪು, ಚೂರು ಕಾಣದಿದ್ದರೇ ಆಶ್ಚರ್ಯ. ಒಳಪದರ ಇಷ್ಟು ಮಿ.ಮೀ. ದಪ್ಪ ಇದೆ ಅನ್ನುವುದು ತೊಳೆಯಲು ಕಾರಣವಲ್ಲ. ಗರ್ಭದ ಚೀಲ ಇಲ್ಲ, ನಾಡಿ ಸರಿ ಇದೆ, ಜ್ವರ ಇಲ್ಲ, ರಕ್ತ ಕಡಿಮೆಯಾಗುತ್ತಿದೆ ಅಂದರೆ ಕಾಯಬಹುದು. ಚೂರು ಉಳಿದು ರಕ್ತ ಸಣ್ಣಗೆ ಹೋಗುತ್ತಲೇ ಇದ್ದು, ಗರ್ಭಕೋಶ 14 ವಾರಕ್ಕಿಂತ ಚಿಕ್ಕದಿದ್ದರೆ ಮಿಸೊಪ್ರೊಸ್ಟಾಲ್ 600 ಮೈಕ್ರೊಗ್ರಾಂ ಬಾಯಿಂದ, ಇಲ್ಲವೇ 400 ನಾಲಿಗೆ ಕೆಳಗೆ. ಚೀಲದಲ್ಲಿ ಹೃದಯ ಬಡಿತ ಕಂಡರೆ ಮಾತ್ರ ಕಾಯುವ ಮಾತಿಲ್ಲ, ಗರ್ಭ ಮುಂದುವರಿದಿದೆ. ಮಿಸೊಪ್ರೊಸ್ಟಾಲ್‌ನಿಂದ ಭ್ರೂಣಕ್ಕೆ ಊನ ಆಗುವ ಅಪಾಯ ಇರುವುದನ್ನು ತಿಳಿಸಿ, ಅಧಿಕೃತ ಕೇಂದ್ರಕ್ಕೆ ಕಳಿಸಿ. ಮೂತ್ರದ ಕಾರ್ಡ್ ಟೆಸ್ಟ್ ಮೂರ್ನಾಲ್ಕು ವಾರ ಪಾಸಿಟಿವ್ ತೋರಿಸುವುದು ಮಾಮೂಲು. ಹತ್ತನೇ ದಿನ ಎರಡು ಗೆರೆ ಕಂಡು ಗಾಬರಿಯಾಗಿ ಇನ್ನೊಂದು ಕಿಟ್ ತಗೊಂಡುಬಿಡುತ್ತಾರೆ, ಮುಂಚೆಯೇ ಹೇಳಿ.

ಡಿ ಅಂಡ್ ಸಿ ಚೂಪು ಕ್ಯುರೆಟ್‌ನಿಂದ ಕೆರೆಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಬೇಡ ಅಂತ ಹೇಳಿ ಬಹಳ ವರ್ಷಗಳಾದವು. ಬೇಡದ ಕಡೆ ಕೆರೆದು ಗರ್ಭಕೋಶದ ಗೋಡೆಗಳು ಅಂಟಿಕೊಂಡು ಮುಂದೆ ಮುಟ್ಟೇ ನಿಂತುಹೋದರೆ, ಆ ಹಾನಿ ಮಾಡಿದ್ದು ಮೆಡಿಕಲ್ ಶಾಪ್ ಅಲ್ಲ, ನಾವು.

ಲೇಬರ್ ರೂಮ್ ಸಿಸ್ಟರ್

ಮೇಡಂ ಹೇಳಿದ್ದಕ್ಕೆ ಎಂವಿಎ (ಕೈ ಸಿರಿಂಜ್‌ನ ನಿರ್ವಾತದಿಂದ ಗರ್ಭಕೋಶ ಖಾಲಿ ಮಾಡುವುದು) ಭಾಗ ಸೇರಿಸುತ್ತೇನೆ. ಪಿಎಚ್‌ಸಿಯಲ್ಲಿ ತರಬೇತಿ ಆದ ವೈದ್ಯರಿದ್ದರೆ ಕರೆಂಟ್ ಬೇಡ, ಅನಸ್ತೇಶಿಯಾ ಡಾಕ್ಟರ್ ಬೇಡ, 60 ಮಿ.ಲೀ. ಸಿರಿಂಜ್ ಸಾಕು.

ಕೈಗೆ ಕೊಡುವ ಮುಂಚೆ ಸಿರಿಂಜ್ ಪರೀಕ್ಷೆ ಮಾಡಿ. ವಾಲ್ವ್ ಗುಂಡಿ ಒತ್ತಿ ಮುಚ್ಚಿ, ಪ್ಲಂಜರಿನ ಎರಡು ರೆಕ್ಕೆ ಸಿರಿಂಜ್ ಹೊರಗೆ ಕಚ್ಚಿಕೊಳ್ಳುವವರೆಗೆ ಅದನ್ನು ಎಳೆಯಿರಿ. ಎರಡು ಮೂರು ನಿಮಿಷ ಬಿಟ್ಟು ಗುಂಡಿ ಬಿಟ್ಟಾಗ "ಸುಂಯ್" ಅಂತ ಗಾಳಿ ನುಗ್ಗಬೇಕು. ಸದ್ದು ಬರದಿದ್ದರೆ ಓ-ರಿಂಗ್ ಒಣಗಿದೆ ಅಥವಾ ಬಿರುಕು ಬಿಟ್ಟಿದೆ. ಒಂದು ಹನಿ ಸಿಲಿಕೋನ್ ಹಚ್ಚಿ, ಆಗಲೂ ಬರದಿದ್ದರೆ ರಿಂಗ್ ಬದಲಾಯಿಸಿ. ಗರ್ಭಕೋಶದೊಳಗೆ ಹಾಕುವ ಕೊಳವೆ, ಅಂದರೆ ಕ್ಯಾನುಲಾ, ಗರ್ಭಕೋಶದ ವಾರದ ಅಳತೆಗೆ ಹತ್ತಿರ ಇರಬೇಕು, 8 ವಾರಕ್ಕೆ 8 ಮಿ.ಮೀ. ಚಿಕ್ಕದು ಹಾಕಿದರೆ ತುಣುಕು ಸಿಕ್ಕಿಕೊಂಡು ನಿರ್ವಾತ ಹೋಗುತ್ತದೆ. ಆಗ ಕ್ಯಾನುಲಾ ಹೊರಗೆ ತೆಗೆದು ಬಿಡಿಸಬೇಕೇ ಹೊರತು, ಒಳಗಿರುವಾಗ ಪ್ಲಂಜರ್ ಮುಂದಕ್ಕೆ ತಳ್ಳಲೇಬಾರದು. ಗರ್ಭಕೋಶಕ್ಕೆ ಗಾಳಿ ಹೋಗಿ ರಕ್ತನಾಳಕ್ಕೆ ಸೇರುವ ಅಪಾಯ ಇದೆ. ಮರಗಟ್ಟಿಸಲು ಹಾಕುವ ಲಿಗ್ನೊಕೇನ್ 1% ಆದರೆ 20 ಮಿ.ಲೀ. ದಾಟಬಾರದು, ತೂಕ ಕಡಿಮೆ ಇದ್ದವರಿಗೆ ಕೆ.ಜಿ.ಗೆ 4.5 ಮಿ.ಗ್ರಾಂ ಲೆಕ್ಕ ಹಾಕಿ ಇನ್ನೂ ಕಡಿಮೆ ಮಾಡಿ. ಪ್ರತಿ ಚುಚ್ಚಿಗೂ ಹಿಂದಕ್ಕೆ ಎಳೆದು ನೋಡಿಯೇ ಬಿಡಬೇಕು.

ಮುಗಿದಿದೆ ಅಂತ ಗೊತ್ತಾಗುವುದು ಹೇಗೆ? ಸಿರಿಂಜ್‌ಗೆ ತುಣುಕು ಬರುವುದು ನಿಂತು ಗುಲಾಬಿ ನೊರೆ ಬರುತ್ತದೆ, ಕ್ಯಾನುಲಾ ತುದಿಗೆ ಮರಳು ಸವರಿದ ಹಾಗೆ ಒರಟು ಸಿಗುತ್ತದೆ, ಗರ್ಭಕೋಶ ಕ್ಯಾನುಲಾವನ್ನು ಹಿಡಿದುಕೊಳ್ಳುತ್ತದೆ. ಕ್ಯಾನುಲಾ ಅಳತೆ ಮೀರಿ ಸಲೀಸಾಗಿ ಒಳಗೆ ಹೋಗಿಬಿಟ್ಟರೆ ಅಥವಾ ಹಳದಿ ಕೊಬ್ಬಿನಂಥದ್ದು ಕಂಡರೆ ತೂತಾಗಿದೆ. ತಕ್ಷಣ ಎಳೆಯುವುದು ನಿಲ್ಲಿಸಿ, ಡ್ರಿಪ್ಸ್, ಆಂಟಿಬಯಾಟಿಕ್, ಆಂಬುಲೆನ್ಸ್.

ಬಂದಿದ್ದನ್ನು ನೋಡದೆ ಚೆಲ್ಲುವುದು ದೊಡ್ಡ ತಪ್ಪು. ಜರಡಿಯಲ್ಲಿ ತೊಳೆದು, ತಳ ಪಾರದರ್ಶಕವಾಗಿರುವ ಗಾಜಿನ ತಟ್ಟೆಯಲ್ಲಿ ನೀರಿಗೆ ಬಿಟ್ಟು, ಕೆಳಗಿನಿಂದ ಟಾರ್ಚ್ ಹಿಡಿಯಿರಿ. ವಿಲ್ಲೈ (ಗರ್ಭದ ಅಂಗಾಂಶದ ಎಳೆಗಳು) ನೀರಲ್ಲಿ ಬಿಡಿಬಿಡಿಯಾಗಿ, ಪಾಚಿ ಎಳೆಗಳ ಹಾಗೆ ತೇಲುತ್ತವೆ, ಬೆಳ್ಳಗಿರುತ್ತವೆ. ಹೆಪ್ಪು ಹಾಗೆ ಬಿಚ್ಚಿಕೊಳ್ಳುವುದಿಲ್ಲ, ಕದಡಿದರೆ ಒಡೆಯುತ್ತದೆ. ಬರೀ ಹೆಪ್ಪು ಮತ್ತು ಪೊರೆ ಬಂದು ವಿಲ್ಲೈ ಕಾಣದಿದ್ದರೆ, ಮುಂಚೆಯೇ ಬಿದ್ದುಹೋಗಿರಬಹುದು, ಇಲ್ಲವೇ ಗರ್ಭ ನಳಿಕೆಯಲ್ಲಿದೆ. ಎರಡನೆಯದು ಅಲ್ಲ ಅಂತ ಖಾತ್ರಿ ಆಗುವವರೆಗೆ ಮನೆಗೆ ಬಿಡಬಾರದು.

ಬೊಮ್ಮನಹಳ್ಳಿ ಎಂಒ

ತುಂಬಾ ಉಪಯೋಗ ಆಯಿತು, ಇಬ್ಬರಿಗೂ ವಂದನೆ. ಸಹಿ ಮತ್ತು ಎಂಎಲ್‌ಸಿ ಪ್ರಶ್ನೆ ಉಳಿಯಿತು. 17 ವರ್ಷದ ಹುಡುಗಿ ಬಂದರೆ? ಎಂಟಿಪಿ (ಕಾನೂನುಬದ್ಧ ಗರ್ಭಪಾತ) ಅನುಮತಿ ಇಲ್ಲದ ಜಾಗದಲ್ಲಿ ಈ ಚಿಕಿತ್ಸೆ ಕೊಟ್ಟರೆ ವೈದ್ಯರ ಮೇಲೆ ಕೇಸ್ ಆಗುತ್ತದೆಯೇ?

ಕಾನೂನು ಮತ್ತು ವೈದ್ಯಕೀಯ

ಅರ್ಧ ಗರ್ಭಪಾತವಾಗಿ ರಕ್ತ ಸುರಿಸಿಕೊಂಡು ಬಂದವರಿಗೆ ನೀವು ಕೊಡುವುದು ತುರ್ತು ಚಿಕಿತ್ಸೆ. ಗರ್ಭ ತೆಗೆಯುವ ನಿರ್ಧಾರ ನಿಮ್ಮದಲ್ಲ, ಅದು ಆಗಲೇ ಜಾರಿದೆ. ಜೀವ ಉಳಿಸಲು ಗರ್ಭವನ್ನೇ ತೆಗೆಯಬೇಕಾಗಿ ಬಂದರೂ 1971ರ ಎಂಟಿಪಿ ಕಾಯ್ದೆಯ ಸೆಕ್ಷನ್ 5 ಜಾಗದ ಮತ್ತು ವಾರದ ಮಿತಿಯನ್ನು ಸಡಿಲಿಸುತ್ತದೆ. ಸರ್ಕಾರಿ ಆಸ್ಪತ್ರೆಗೆ ಜಾಗದ ಪ್ರತ್ಯೇಕ ಅನುಮತಿಯೂ ಬೇಕಿಲ್ಲ, ವೈದ್ಯರ ತರಬೇತಿ ಮಾತ್ರ ನಿಯಮದ ಪ್ರಕಾರ ಇರಬೇಕು.

ಗಂಡನ ಸಹಿ ಕಾಯ್ದೆಯಲ್ಲಿ ಎಲ್ಲೂ ಇಲ್ಲ. 18 ತುಂಬಿದ ಹೆಣ್ಣಿನ ಒಪ್ಪಿಗೆ ಒಂದೇ ಸಾಕು, ಒಪ್ಪಿಗೆ ಪತ್ರವಾದ ನಮೂನೆ ಸಿ ಅವಳದೇ. ಅದರಲ್ಲಿ ಗಂಡನ ಅಥವಾ ತಂದೆಯ ಹೆಸರು ಬರೆಯುವ ಜಾಗ ನೋಡಿ ಅವನ ಸಹಿಯೂ ಬೇಕು ಅಂತ ಎಷ್ಟೋ ಕಡೆ ತಪ್ಪು ತಿಳಿದಿದ್ದಾರೆ. 2021ರ ತಿದ್ದುಪಡಿ "ವಿವಾಹಿತ ಮಹಿಳೆ ಅಥವಾ ಪತಿ" ಅನ್ನುವುದನ್ನು ತೆಗೆದು "ಯಾವುದೇ ಮಹಿಳೆ ಅಥವಾ ಸಂಗಾತಿ" ಅಂತ ಮಾಡಿದೆ. ಹಾಗಾಗಿ ಮದುವೆಯ ಪ್ರಶ್ನೆಯೇ ಏಳುವುದಿಲ್ಲ. ಅದೇ ತಿದ್ದುಪಡಿಯ 5ಎ ಪ್ರಕಾರ ಆಕೆಯ ಹೆಸರು, ವಿವರ ಹೊರಗೆ ಬಿಟ್ಟರೆ ವೈದ್ಯರಿಗೇ 1 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ವಾರ್ಡ್‌ನಲ್ಲಿ ಹೆಸರು ಕೂಗಿ "ಅಬಾರ್ಷನ್ ಕೇಸ್" ಅನ್ನುವವರಿಗೆ ಇದನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿ.

ವಯಸ್ಕಳು ತಾನೇ ಮಾತ್ರೆ ತಗೊಂಡು ಬಂದರೆ ಪೊಲೀಸರಿಗೆ ತಿಳಿಸಲೇಬೇಕು ಅಂತ ಎಂಟಿಪಿ ಕಾಯ್ದೆ ಹೇಳುವುದಿಲ್ಲ. ಭಯ ಹುಟ್ಟಿರುವುದು ಹಳೆಯ ಐಪಿಸಿ 312ರಿಂದ, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 88. ಅಲ್ಲಿ ತನ್ನ ಗರ್ಭವನ್ನು ತಾನೇ ತೆಗೆದುಕೊಂಡ ಹೆಣ್ಣೂ ಅಪರಾಧಿಯ ಸಾಲಿಗೆ ಸೇರುತ್ತಾಳೆ. ಅವಳು ಬಾಯಿ ಬಿಡದಿರುವುದಕ್ಕೆ ಇದೂ ಒಂದು ಕಾರಣ. ಕಾನೂನು ತಿದ್ದಬೇಕಾದ ಜಾಗ ಇದು ಅನ್ನುವುದು ನನ್ನ ಅಭಿಪ್ರಾಯ. ಬಲವಂತ, ಹಲ್ಲೆ, ಸಾವು ಇದ್ದರೆ ಎಂಎಲ್‌ಸಿ ಬೇರೆ ಮಾತು.

17 ವರ್ಷದವಳಿಗೆ ಪೋಷಕರ ಒಪ್ಪಿಗೆ ಬೇಕು, ಪೋಕ್ಸೊ ಸೆಕ್ಷನ್ 19ರ ಪ್ರಕಾರ ಪೊಲೀಸರಿಗೆ ತಿಳಿಸಲೂ ಬೇಕು. ಆದರೆ 2022ರ ಸೆಪ್ಟೆಂಬರ್ 29ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಆ ವರದಿಯಲ್ಲಿ ಅವಳ ಹೆಸರು, ಗುರುತು ಕೊಡಬೇಕಿಲ್ಲ. ಇದು ಗೊತ್ತಿಲ್ಲದೆ ವಾಪಸ್ ಕಳಿಸಿದ ಹುಡುಗಿಯರೇ ನಾಲ್ಕು ವಾರ ಬಿಟ್ಟು ನಂಜು ಏರಿಸಿಕೊಂಡು ಬರುವುದು. ಎಫ್‌ಐಆರ್ ಪ್ರತಿ ಬರಲಿ ಅಂತ ಚಿಕಿತ್ಸೆ ತಡೆಯಬೇಡಿ. ತನಿಖೆಗೆ ಅಂಗಾಂಶ ಬೇಕಾದರೆ ನಾರ್ಮಲ್ ಸಲೈನ್‌ನಲ್ಲಿ ಹಾಕಿ ತಂಪಾಗಿ ಇಡಿ. ಅಭ್ಯಾಸಬಲದಿಂದ ಫಾರ್ಮಲಿನ್‌ಗೆ ಹಾಕಿದರೆ ಡಿಎನ್‌ಎ ಕೆಟ್ಟು ಸಾಕ್ಷಿಯೇ ಹೋಗುತ್ತದೆ.

ಬನಶಂಕರಿ ಫಾರ್ಮಸಿಸ್ಟ್

ಅಂಗಡಿ ಕಡೆಯ ಮಾತೂ ಇರಲಿ. ಕಿಟ್ ಅಂದರೆ ಮಿಫೆಪ್ರಿಸ್ಟೋನ್ 200 ಮಿ.ಗ್ರಾಂ ಒಂದು, ಮಿಸೊಪ್ರೊಸ್ಟಾಲ್ 200 ಮೈಕ್ರೊಗ್ರಾಂ ನಾಲ್ಕು. ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ. ಹಾಗಂತ ಭಯಕ್ಕೆ ಕಿಟ್ ಇಡುವುದನ್ನೇ ಬಿಟ್ಟ ಅಂಗಡಿಗಳೂ ಇವೆ. ಗರ್ಭಪಾತದ ಮಾತ್ರೆಯನ್ನೂ ಭ್ರೂಣಲಿಂಗ ಪತ್ತೆಯನ್ನೂ ಒಂದೇ ಅಂತ ತಿಳಿದವರು ಬಹಳ. 9 ವಾರದೊಳಗೆ ಲಿಂಗ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುವ ಹಂತವೇ ಅಲ್ಲ. ಚೀಟಿ ಹಿಡಿದು ಬಂದವಳಿಗೆ ನಾಲ್ಕು ಅಂಗಡಿಯಲ್ಲಿ "ಇಲ್ಲ" ಅಂದರೆ ಐದನೆಯವನು ಪಟ್ಟಿ ಕತ್ತರಿಸಿ, ಬಾಕ್ಸ್ ಮತ್ತು ಒಳಗಿನ ಚೀಟಿ ಇಲ್ಲದೆ ಕೈಗೆ ಹಾಕುತ್ತಾನೆ.

ಅಲ್ಲಿಂದ ತಪ್ಪು ಶುರು. ಐದೂ ಮಾತ್ರೆ ಒಟ್ಟಿಗೆ ನುಂಗುವುದು, ಮೊದಲನೆಯದಕ್ಕೆ ಸ್ವಲ್ಪ ರಕ್ತ ಕಂಡ ಕೂಡಲೇ ಉಳಿದದ್ದನ್ನು ಬಿಸಾಡುವುದು. ಸರಿಯಾದ ಕ್ರಮ ಅಂದರೆ ಮೊದಲನೆಯದನ್ನು ನುಂಗಿ 24ರಿಂದ 48 ಗಂಟೆಯ ನಂತರ ನಾಲ್ಕನ್ನೂ ನಾಲಿಗೆ ಕೆಳಗೆ, ಕೆನ್ನೆ ಒಳಗೆ ಅಥವಾ ಯೋನಿಯಲ್ಲಿ ಇಡುವುದು. ನುಂಗಿದರೆ ಪರಿಣಾಮ ತಗ್ಗುತ್ತದೆ. ಇದಕ್ಕಿಂತ ಕೆಟ್ಟದ್ದು "ಮುಟ್ಟಾಗೋ ಮಾತ್ರೆ" ಅಂತ ನೊರೆಥಿಸ್ಟರೋನ್ ಕೊಡುವುದು. ಅದರಿಂದ ಗರ್ಭ ಹೋಗುವುದಿಲ್ಲ. ಐದು ದಿನ ಮಾತ್ರೆ, ಹತ್ತು ದಿನ ಕಾಯುವುದು, ಇನ್ನೊಂದು ಅಂಗಡಿ, ಇನ್ನೊಂದು ಪಟ್ಟಿ. 6 ವಾರಕ್ಕೆ ಬಂದವಳು 10 ದಾಟಿರುತ್ತಾಳೆ, ಮಾತ್ರೆಯ ಕಾಲ ಮುಗಿದಿರುತ್ತದೆ.

ಒಬಿಜಿ ವಾರ್ಡ್

ಫಾರ್ಮಸಿಸ್ಟ್ ಸರ್ ಹೇಳಿದ ಈ ಕಳೆದುಹೋದ ವಾರಗಳೇ ನಮಗೆ ವಾರ್ಡ್‌ನಲ್ಲಿ ನಂಜಾಗಿ ಬರುವುದು. 2015ರ ಲೆಕ್ಕದಲ್ಲಿ ದೇಶದಲ್ಲಿ ಆದ 1.56 ಕೋಟಿ ಗರ್ಭಪಾತಗಳಲ್ಲಿ ಶೇ. 73ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದಲೇ ಆದವು. ಒಂದು ಮಾತು ಮಾತ್ರ ಸೇರಿಸಬೇಕು: ಅಂಗಡಿಯ ಮಾತ್ರೆ ಅಂದರೆಲ್ಲ ಅಪಾಯ ಅಂತಲ್ಲ. ವಾರ ಸರಿ ಇದ್ದು, ಕ್ರಮ ಗೊತ್ತಿದ್ದು, ತೊಂದರೆಯಾದರೆ ಹೋಗಲು ಒಂದು ಬಾಗಿಲು ತೆರೆದಿದ್ದರೆ ಬಹುತೇಕರು ಏನೂ ಆಗದೆ ಪಾರಾಗುತ್ತಾರೆ. ಮುಚ್ಚಿದ ಬಾಗಿಲು ನಮ್ಮ ಕಡೆಯದು.

ಎಂಒ ಡಾಕ್ಟ್ರೇ, ನಿಮ್ಮಲ್ಲೇ ಇಟ್ಟುಕೊಂಡವರನ್ನು ಬಿಡುವಾಗ ಎರಡು ಕೆಲಸ. ಗರ್ಭಪಾತವಾದ ಹತ್ತು ದಿನದೊಳಗೇ ಅಂಡ ಬಿಡುಗಡೆ ಆಗಬಹುದು, ಮುಂದಿನ ಮುಟ್ಟಿನವರೆಗೆ ಕಾಯಿರಿ ಅನ್ನಬೇಡಿ. "ಅಂತರ" ಗರ್ಭನಿರೋಧಕ ಇಂಜೆಕ್ಷನ್ ಅಥವಾ ಮಾತ್ರೆ ಅವತ್ತೇ ಶುರು ಮಾಡಬಹುದು. ಕಾಪರ್-ಟಿ ನಂಜು ಇಲ್ಲದವರಿಗೆ ಮಾತ್ರ, ನಂಜು ಇದ್ದರೆ ಅದು ಪೂರ್ತಿ ವಾಸಿಯಾದ ಮೇಲೆ. ಅದೂ ಬೇಕಾ ಅಂತ ಕೇಳಿ. ಹಾಕಿಸಿಕೊಂಡರೆ ಮಾತ್ರ ಚಿಕಿತ್ಸೆ ಅಂತ ಷರತ್ತು ಹಾಕಿದರೆ ಮುಂದಿನ ಸಲ ಅವಳು ಅಂಗಡಿಗೇ ಹೋಗುತ್ತಾಳೆ.

ಎರಡನೆಯದು ಫೋನ್ ನಂಬರ್. ರಿಜಿಸ್ಟರ್‌ನಲ್ಲಿ ಇರುವುದು ಸಾಮಾನ್ಯವಾಗಿ ಗಂಡನದೋ, ಪಿಜಿ ಓನರ್‌ದೋ ಆಗಿರುತ್ತದೆ. "ಯಾವ ನಂಬರ್‌ಗೆ ಮಾಡ್ಲಿ, ಎಷ್ಟು ಗಂಟೆಗೆ ಮಾಡ್ಲಿ, ಬೇರೆಯವರು ಎತ್ತಿದ್ರೆ ಏನಂತ ಹೇಳ್ಲಿ?" ಅಂತ ಅವಳನ್ನೇ ಕೇಳಿ ಬರೆದುಕೊಳ್ಳಿ. ಗಾರ್ಮೆಂಟ್ಸ್‌ನವರಿಗೆ ಶಿಫ್ಟ್ ಹೊತ್ತಲ್ಲಿ ಫೋನ್ ಒಳಗೆ ಬಿಡುವುದಿಲ್ಲ, ಊಟದ ಬಿಡುವಿನಲ್ಲಿ ಮಾಡಿದರೆ ಸಿಗುತ್ತಾರೆ. "ರಕ್ತ ಪರೀಕ್ಷೆ ರಿಪೋರ್ಟ್ ಬಂದಿದೆ" ಅಂದರೆ ಸಾಕು, ಬರುತ್ತಾರೆ.